ಕಳ್ಳಹೆಜ್ಜೆ

ಮುಚ್ಚಳ ಬಿದ್ದ ಸದ್ದಿಗೆ ಅವನು ಬೆಚ್ಚಿಬಿದ್ದ. ಅವಳು ಬೀಳಲಿಲ್ಲ. ದೊಡ್ಡ ಸ್ಟೀಲ್ ಮುಚ್ಚಳ. ತೊಳೆದು ಕಟ್ಟೆಯ ಮೇಲೆ ಗೋಡೆಗೆ ಒರಗಿಸಿಟ್ಟದ್ದು ಅವನ ಮೊಣಕೈ ತಗುಲಿ ನೆಲಕ್ಕೆ ಬಿತ್ತು. ಬಿದ್ದು ಸುಮ್ಮನಾಗುವ ಜಾತಿಯದಲ್ಲ ಅದು, ಅಂಚಿನ ಮೇಲೆ ಗಿರಗಿರ ಸುತ್ತಿ, ಸುತ್ತು ಸಣ್ಣದಾದಷ್ಟೂ ಗಲಾಟೆ ದೊಡ್ಡದು ಮಾಡಿ, ಕೊನೆಗೆ ತಟತಟನೆ ಬಡಿದುಕೊಂಡು ಮಲಗಿತು. ಅವನ ಹೆಂಡತಿ ಅವನಿಗೆ ಬೆನ್ನು ಹಾಕಿ ಒಲೆಯ ಮುಂದೆ ನಿಂತು ಚಹಾ ಸೋಸುತ್ತಿದ್ದಳು. ಸೋಸುತ್ತಲೇ ಇದ್ದಳು. ಅವನು ಎಡಪಾದದ ಹೊರಅಂಚನ್ನು ಮಾತ್ರ ನೆಲಕ್ಕೆ ತಾಗಿಸಿ, ಬಲಗಾಲನ್ನು ಗಾಳಿಯಲ್ಲಿ ಎತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಹಾಗೇ ನಿಂತಿದ್ದ, ಯಾಕೆಂದರೆ ಕಳ್ಳಹೆಜ್ಜೆಯ ಗುರುಗಳು ಹೇಳಿಕೊಟ್ಟದ್ದು ಹಾಗೆ: ಸದ್ದಾಯಿತೋ, ಇದ್ದಲ್ಲೇ ಇದ್ದ ಹಾಗೇ ನಿಲ್ಲು, ಕೇಳಿದವರಿಗೆ ತಮ್ಮ ಕಿವಿಯ ಮೇಲೇ ಅನುಮಾನ ಬರುವ ತನಕ. ಆಗ ಅವನ ತಲೆಗೆ ಮೊದಲು ಬಂದ ಯೋಚನೆ, ಆಮೇಲೆ ದಿನವಿಡೀ ನೆನೆಸಿಕೊಂಡು ನಾಚಿಕೊಳ್ಳಬೇಕಾಗಿ ಬಂದ ಯೋಚನೆ ಇದು: ಅಂತೂ ಸಿದ್ಧಿಸಿತು, ಇನ್ನು ನಾನು ಪಾತ್ರೆ ಬೀಳಿಸಿದರೂ ಸದ್ದಾಗುವುದಿಲ್ಲ.

ಅಷ್ಟರಲ್ಲಿ ಕೆಳಗಿನ ಮನೆಯ ದರ್ಜಿ ಪೊರಕೆ ಹಿಡಿಯಿಂದ ತನ್ನ ಸೂರಿಗೆ, ಅಂದರೆ ಇವರ ನೆಲಕ್ಕೆ, ದಬದಬ ಕುಟ್ಟಿದ. ದರ್ಜಿಗೆ ಕೇಳಿಸಿತ್ತು. ದರ್ಜಿ ಹಗಲೆಲ್ಲ ಹೊಲಿಗೆ ಯಂತ್ರ ತುಳಿಯುವವನು, ಅವನ ಕಿವಿ ಅಂಥ ಮೇಲ್ಮಟ್ಟದ್ದೇನೂ ಆಗಿರಲಾರದು. ಅವಳು ಕಾಲಿಗೆ ಏನೋ ತಗುಲಿದಂತೆ ಒಮ್ಮೆ ನೆಲ ನೋಡಿದಳು, ಲೋಟ ಎತ್ತಿಕೊಂಡು ತಿರುಗಿದಳು, ಅವನನ್ನು ಕಂಡು ಎದೆ ಹಿಡಿದುಕೊಂಡಳು. "ಅಯ್ಯೋ! ಬಂದದ್ದೇ ಗೊತ್ತಾಗ್ಲಿಲ್ಲ ಕಣ್ರೀ," ಎಂದಳು. ದಿನಾ ಬೆಳಿಗ್ಗೆ ಈ ಮಾತು ಕೇಳಿಯೇ ಅವನಿಗೆ ಚಹಾ ರುಚಿಸುವುದು. ಆಮೇಲೆ ಅವಳ ಕಣ್ಣು ಕೆಳಗೆ ಬಿದ್ದ ಮುಚ್ಚಳದ ಮೇಲೆ ಹೋಯಿತು, ಅಲ್ಲಿಂದ ಅವನ ಮುಖಕ್ಕೆ ಬಂತು, ಮತ್ತೆ ಮುಚ್ಚಳಕ್ಕೆ ಹೋಯಿತು. "ಹೂಂ, ಬಿದ್ದದ್ದು ಕೇಳಿಸ್ತು. ಬೀಳ್ಲಿ ಹಾಳಾದ್ದು ಅಂತ ಸುಮ್ನಾದೆ," ಎಂದು ಬಗ್ಗಿ ಎತ್ತಿದಳು. ಮುಚ್ಚಳ ಬಿದ್ದದ್ದು ಕೇಳಿಸಿದ್ದರೆ ಅವನು ಬಂದದ್ದು ಗೊತ್ತಾಗಬೇಕಿತ್ತು. ಎರಡು ಮಾತೂ ಒಟ್ಟಿಗೆ ನಿಜವಾಗಲು ಸಾಧ್ಯವಿರಲಿಲ್ಲ. ಅವನು ಎತ್ತಿದ ಕಾಲನ್ನು ಕೆಳಗಿಟ್ಟು ಚಹಾ ಕುಡಿದ.

ಅವನ ಕೆಲಸವೇ ಕಿವಿ ಪರೀಕ್ಷೆ. ಪೇಟೆಬೀದಿಯಲ್ಲಿ, ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ, ಕಿವಿಯ ಮೆಷಿನು ಮಾರುವ ಜಾಗದಲ್ಲಿ ಗಾಜಿನ ಒಂದು ಪುಟ್ಟ ಕೋಣೆಯ ಹೊರಗೆ ಕೂತು, ಒಳಗೆ ಹೆಡ್‌ಫೋನ್ ಹಾಕಿಕೊಂಡು ಕೂತವರಿಗೆ ಸಣ್ಣ ಸಣ್ಣ ಸದ್ದು ಕಳಿಸುವುದು. ಕೇಳಿಸಿದರೆ ಅವರು ಕೈಯಲ್ಲಿರುವ ಗುಂಡಿ ಒತ್ತುತ್ತಾರೆ, ಇಲ್ಲದಿದ್ದರೆ ಇಲ್ಲ. ಬೇರೆಯವರ ಮನೆಯ ಗಂಡಂದಿರು ಹೆಂಡತಿಯನ್ನು ಕರೆದುಕೊಂಡು ಬಂದಾಗ, "ಇಷ್ಟು ವರ್ಷ ನಿಮಗೆ ಗೊತ್ತೇ ಆಗ್ಲಿಲ್ವಾ?" ಎಂದು ಹುಬ್ಬು ಏರಿಸಿ ಕೇಳುವ ಅಭ್ಯಾಸ ಅವನಿಗಿತ್ತು. ಕೇಳಿ, ಅವರು ತಲೆ ತಗ್ಗಿಸುವುದನ್ನು ನೋಡಿ, ಆಮೇಲೆ "ಹೋಗ್ಲಿ ಬಿಡಿ" ಎನ್ನುವುದು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಇದನ್ನೆಲ್ಲ ಯೋಚಿಸುತ್ತಿದ್ದಾಗ ಅವನಿಗೆ ಸಂಕಟವಾದದ್ದು ಅವಳ ಕಿವಿ ಹೋಗುತ್ತಿದೆ ಎಂದಲ್ಲ, ಗುರುಗಳ ಭಾನುವಾರದ ಪರೀಕ್ಷೆಯ ಗತಿ ಏನು ಎಂದು. ಅವಳ ಕಿವಿ ಆಮೇಲೆ ನೆನಪಾಯಿತು. ಒಂದು ನಿಲ್ದಾಣದಷ್ಟು ಆಮೇಲೆ. ಈ ಹಿಂದುಮುಂದು ಅವನಿಗೇ ಗೊತ್ತಾಗಿ, ಎಂಥ ಮನುಷ್ಯನಪ್ಪ ನೀನು ಎಂದು ತನ್ನನ್ನೇ ಬೈದುಕೊಂಡು, ಪಕ್ಕದವನು ತಿರುಗಿ ನೋಡಿದಾಗ ಕೆಮ್ಮಿದ.

ನಿಂಜಾ ವಿದ್ಯೆ ಕಲಿಯುತ್ತೇನೆ ಎಂದರೆ ಜನ ಮೊದಲು ಅವನ ಹೊಟ್ಟೆ ನೋಡುತ್ತಾರೆ. ಹೊಟ್ಟೆಗೂ ವಿದ್ಯೆಗೂ ಸಂಬಂಧವಿಲ್ಲ. ಗುರುಗಳಿಗೆ ಅವನದಕ್ಕಿಂತ ದೊಡ್ಡ ಹೊಟ್ಟೆ ಇದೆ. ಹಗಲು ಹೊತ್ತು ಅವರದು ಬೀಗ ರಿಪೇರಿ ಅಂಗಡಿ. ಎಳೆಯ ವಯಸ್ಸಿನಲ್ಲಿ ಜಪಾನಿನ ಹಡಗು ಕಟ್ಟೆಯಲ್ಲಿ ಬೆಸುಗೆ ಕೆಲಸಕ್ಕೆ ಹೋಗಿದ್ದವರು ಅಲ್ಲೊಬ್ಬ ಮುದುಕರ ಬಳಿ ಕಲಿತು ಬಂದರಂತೆ. ವಾರಕ್ಕೆರಡು ಸಂಜೆ ಮತ್ತು ಭಾನುವಾರ ಬೆಳಿಗ್ಗೆ, ಮದುವೆಯ ಕುರ್ಚಿಗಳನ್ನು ಬಾಡಿಗೆಗೆ ಕೊಡುವವರ ಗೋದಾಮಿನ ಹಿಂದಿನ ಹಾಲಿನಲ್ಲಿ, ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ಕಾಲೇಜು ಗುಮಾಸ್ತ, ಇಬ್ಬರು ಅಕ್ಕತಂಗಿಯರು ಮತ್ತು ಅವನು, ಕಪ್ಪು ಬಟ್ಟೆ ಕಟ್ಟಿಕೊಂಡು, ಹೆಬ್ಬೆರಳು ಬೇರೆ ಮಾಡಿ ಹೊಲಿದ ಕಪ್ಪು ಬೂಟು ಹಾಕಿಕೊಂಡು ಗೋಡೆಯ ಉದ್ದಕ್ಕೂ ಅಡ್ಡಡ್ಡ ನಡೆಯುತ್ತಾರೆ. ಚಕ್ರ ಎಸೆಯುವುದನ್ನು ಕಲಿಯಲು ಬಂದ ಹುಡುಗರು ಈ ಅಡ್ಡನಡಿಗೆ ನೋಡಿಯೇ ಮಾರನೇ ವಾರ ಬರುವುದಿಲ್ಲ. ಮೊದಲು ಪಾದದ ಹೊರಅಂಚು, ಆಮೇಲೆ ಬೆರಳು, ಆಮೇಲೆ ಹಿಮ್ಮಡಿ, ಭಾರ ಎಲ್ಲಕ್ಕಿಂತ ಕೊನೆಗೆ. ಜಪಾನಿ ಹೆಸರು ಗುರುಗಳ ಬಾಯಲ್ಲಿ ಒಂದೊಂದು ದಿನ ಒಂದೊಂದು ಥರ, ಅದಕ್ಕೆ ಎಲ್ಲರೂ ಕಳ್ಳಹೆಜ್ಜೆ ಎಂದೇ ಕರೆಯುತ್ತಿದ್ದರು. ಅವರ ಲಿಪಿಯಲ್ಲಿ ನಿಂಜಾ ಅನ್ನುವುದನ್ನು ಬರೆದರೆ ಎದೆಯ ಮೇಲೊಂದು ಕತ್ತಿಯ ಅಲಗು ಇಟ್ಟ ಹಾಗಿರುತ್ತದೆ, ಅದರ ಅರ್ಥ ಕೊಲ್ಲುವವನು ಅಂತಲ್ಲ, ತಾಳಿಕೊಳ್ಳುವವನು ಅಂತ, ಎಂದು ಗುರುಗಳು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ್ದರು. ಮನೆಗೆ ಬಂದು ಅವಳಿಗೂ ಬರೆದು ತೋರಿಸಿದಾಗ, "ತಾಳಿಕೊಳ್ಳೋದು ಕಲಿಯೋಕೆ ಕ್ಲಾಸಿಗೆ ಹೋಗ್ಬೇಕಾ ನೀವು?" ಎಂದು ಕೇಳಿ ಅವಳು ಬಟ್ಟೆ ಮಡಚುವುದಕ್ಕೆ ಹೋಗಿದ್ದಳು.

ಭಾನುವಾರದ ಆ ಐದನೇ ದರ್ಜೆಯ ಪರೀಕ್ಷೆ ಎಂದರೆ ಇಷ್ಟೇ: ಕಣ್ಣು ಮುಚ್ಚಿ ನೆಲದ ಮೇಲೆ ಕೂರಬೇಕು. ಹಿಂದೆ ಗುರುಗಳು ಬಿದಿರಿನ ಕತ್ತಿ ಎತ್ತಿ ಹಿಡಿದು ನಿಲ್ಲುತ್ತಾರೆ. ಅವರಿಗೆ ಮನಸ್ಸಾದಾಗ ಹೊಡೆಯುತ್ತಾರೆ. ಹೊಡೆಯುವ ಮನಸ್ಸು ಅವರಲ್ಲಿ ಹುಟ್ಟಿದ್ದನ್ನು ಬೆನ್ನಿನಿಂದಲೇ ತಿಳಿದುಕೊಂಡು ಪಕ್ಕಕ್ಕೆ ಉರುಳಬೇಕು, ಸದ್ದು ಕೇಳಿ ಅಲ್ಲ, ಸದ್ದೇ ಇರುವುದಿಲ್ಲ. ಹೋದ ಸಲ ಅವನಿಗೆ ನೆತ್ತಿಯ ಮೇಲೆ ಸರಿಯಾಗಿ ಬಿದ್ದಿತ್ತು. ಅದಕ್ಕೂ ಮುಂಚೆ, ಕತ್ತಿ ಎತ್ತುವ ಮೊದಲೇ, ಗುರುಗಳು ಮೂಗು ಒರೆಸಿಕೊಂಡದ್ದಕ್ಕೆ ಉರುಳಿದ್ದ. ಎಲ್ಲರೂ ನಕ್ಕರು, ಹಲ್ಲಿನ ಡಾಕ್ಟರು ಮಾತ್ರ ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು. "ನಿಮ್ಮದು ಹಿಂದೆ ಕಣ್ಣಿಲ್ಲದ ಮೈ," ಎಂದಿದ್ದರು ಗುರುಗಳು, ಬೇಜಾರಿಲ್ಲದೆ, ಯಾರದೋ ಬೀಗ ಕೆಟ್ಟಿದೆ ಎನ್ನುವ ಹಾಗೆ. "ಆದ್ರೆ ನಡಿಗೆ ಪರವಾಗಿಲ್ಲ, ಅಲ್ವಾ ಗುರುಗಳೇ? ಮನೇಲಿ ನನ್ನ ಹೆಂಡ್ತಿಗೇ ಗೊತ್ತಾಗಲ್ಲ," ಎಂದು ಅವನು ಎಲ್ಲರೆದುರು ಹೇಳಿಕೊಂಡಿದ್ದ. ಗುರುಗಳು ಅವನ ಕಾಲುಗಳನ್ನು ಒಂದಿಷ್ಟು ಹೊತ್ತು ನೋಡಿ, "ಅವರು ಒಳ್ಳೆಯವರು," ಎಂದಿದ್ದರು. ಆವತ್ತು ಅದನ್ನು ಮೆಚ್ಚುಗೆ ಅಂತಲೇ ಮನೆಗೆ ಹೊತ್ತು ತಂದಿದ್ದ ಮಹಾನುಭಾವ.

ಮೊದಲ ಗಿರಾಕಿ ರಿಟೈರಾದ ರೈಲು ಡ್ರೈವರು. ಮಗಳು ಬಲವಂತವಾಗಿ ಕರೆದುಕೊಂಡು ಬಂದು ಹೊರಗೆ ಕೂತಿದ್ದಳು. ಗಾಜಿನ ಕೋಣೆಯೊಳಗೆ ಅವರು ನೆಟ್ಟಗೆ ಕೂತು, ಗುಂಡಿಯನ್ನು ಬ್ರೇಕಿನ ಹಾಗೆ ಬಿಗಿಯಾಗಿ ಹಿಡಿದು, ಅವನು ಸದ್ದು ಕಳಿಸದಿದ್ದಾಗಲೂ ಒತ್ತಿದರು. ಹೀಗೆ ಒತ್ತುವವರು ಬಹಳ. ಸೋಲಲು ಇಷ್ಟವಿಲ್ಲದವರು. ಅವನು ಸುಮ್ಮನೆ ಕೈ ಕಟ್ಟಿ ಕೂತ. ಅವರು ಒತ್ತಿದರು, ಒತ್ತಿ ಅವನ ಮುಖ ನೋಡಿದರು, ಮತ್ತೆ ಒತ್ತಿದರು. ಬೇರೆ ದಿನವಾಗಿದ್ದರೆ ಸಂಜೆ ಊಟಕ್ಕೆ ಕೂತಾಗ ಇದನ್ನು ಅಭಿನಯಿಸಿ ತೋರಿಸುತ್ತಿದ್ದ. ಬಾಯಿ ಅರ್ಧ ತೆರೆದು, ಕತ್ತು ಮುಂದಕ್ಕೆ ಚಾಚಿ, ಕಿವಿಯ ಹಿಂದೆ ಅಂಗೈ ಇಟ್ಟು, "ಆಂ? ಆಂ? ಏನಂದ್ರಿ?" ಎಂದು ಅವನು ಮಾಡುತ್ತಿದ್ದರೆ ಅವನ ಮಗಳು ತಟ್ಟೆ ದೂಡಿ ನಗುತ್ತಿದ್ದಳು. ಮಗಳು ಹಾಸ್ಟೆಲಿಗೆ ಹೋದ ಮೇಲೂ ಅವನು ಮಾಡುವುದು ಬಿಟ್ಟಿರಲಿಲ್ಲ. ಹೆಂಡತಿಯೂ ನಗುತ್ತಿದ್ದಳು, ಅವನು ನಿಲ್ಲಿಸಿದ ಮೇಲೆ ನಗುತ್ತಿದ್ದಳು, ಸ್ವಲ್ಪ ತಡವಾಗಿ. ಅವಳಿಗೆ ತಮಾಷೆ ಅರ್ಥವಾಗಲು ಹೊತ್ತು ಬೇಕು ಎಂದುಕೊಂಡಿದ್ದ. ಈಗ ಡ್ರೈವರು ಗಾಜಿನ ಆಚೆಯಿಂದ ದೀನವಾಗಿ ನಗುತ್ತಾ ಇನ್ನೊಮ್ಮೆ ಗುಂಡಿ ಒತ್ತಿದಾಗ ಅವನು ತಲೆಯಾಡಿಸಿ, ಕೇಳಿಸಿತು ಎಂದು ಒಪ್ಪಿಕೊಂಡವನಂತೆ ಮಾಡಿ, ಮುಖ ತಿರುಗಿಸಿಕೊಂಡ.

ಹಿಂದೊಂದು ಮಧ್ಯಾಹ್ನ ಮನೆಯಲ್ಲಿ ಅವನು ಮೂಗಿನ ಕೂದಲು ಕತ್ತರಿಸಿಕೊಳ್ಳಲು ಕನ್ನಡಿ ಹಿಡಿದು ಕೂತಿದ್ದಾಗ, "ಕತ್ತರಿ ಎಲ್ಲಿ?" ಎಂದು ಕೂಗಿದ್ದ. ಅವಳು ಒಳಗಿನಿಂದ ಬಂದು, ಕೈ ಒರೆಸಿಕೊಂಡು, ಸೋಫಾದಲ್ಲಿ ಅವನಿಗೆ ಒತ್ತಿಕೊಂಡು ಕೂತಿದ್ದಳು. ಅವನು ಬೆರಗಾಗಿ ನೋಡಿದಾಗ, "ಹತ್ರ ಇಲ್ಲಿ ಅಂದ್ರಲ್ಲ," ಎಂದಿದ್ದಳು. ಹಾಡುಹಗಲಲ್ಲಿ, ಇಷ್ಟು ವಯಸ್ಸಾದ ಮೇಲೆ, ಏನು ಹುಡುಗಾಟ ಇವಳದು ಎಂದು ಅವನು ಸಂಕೋಚದಿಂದ ಅತ್ತ ಸರಿದು, "ಕತ್ತರಿ, ಕತ್ತರಿ," ಎಂದು ಬೆರಳಾಡಿಸಿ ತೋರಿಸಿದ್ದ. ಅವಳು ಎದ್ದು ತಂದುಕೊಟ್ಟಳು. ಮುಖ ಕೆಂಪಾಗಿತ್ತು. ಇದನ್ನು ಅವನು ಕ್ಲಾಸಿನ ಹಾಲಿನಲ್ಲಿ ಗುಮಾಸ್ತನಿಗೂ ಹೇಳಿ, "ಹೆಂಗಸರ ತಲೆ ಹೇಗೆ ಓಡುತ್ತೆ ನೋಡಿ," ಎಂದಿದ್ದ. ಥೂ.

ಡ್ರೈವರನ್ನು ಕಳಿಸಿದ ಮೇಲೆ, ರಿಸೆಪ್ಷನ್ನಿನ ಹೆಂಗಸು ಕಂಪ್ಯೂಟರಿನಲ್ಲಿ ಏನೋ ಹೊಡೆಯುತ್ತಿದ್ದಾಗ, ಅವನು ಬಾಗಿಲಿನಿಂದ ಅವಳ ಕುರ್ಚಿಯ ಹಿಂದಿನ ತನಕ ಕಳ್ಳಹೆಜ್ಜೆಯಲ್ಲಿ ಹೋದ. ತನ್ನ ಆಯುಷ್ಯದಲ್ಲೇ ಅಷ್ಟು ಶ್ರದ್ಧೆಯಿಂದ ಅವನು ನಡೆದಿರಲಿಲ್ಲ. ಉಸಿರು ಕೂಡ ಬಾಯಿಂದಲೇ ಬಿಟ್ಟ. "ಹೇಳಿ ಸಾರ್," ಎಂದಳು ಅವಳು ತಿರುಗದೆ.

"ನಾನು ಬಂದದ್ದು ಕೇಳಿಸ್ತಾ?"

"ಯಾವಾಗ್ಲೂ ಕೇಳಿಸುತ್ತಲ್ಲ."

"ಯಾವಾಗ್ಲೂ ಅಂದ್ರೆ?"

"ಅಂದ್ರೆ ನೀವು ಬಂದಾಗೆಲ್ಲ. ಯಾಕೆ ಸಾರ್, ಕೇಳಿಸ್ಬಾರ್ದಾ?" ಎಂದು ಆಗ ತಿರುಗಿ, ಅವನ ಒಂದು ಕಾಲು ಇನ್ನೂ ಗಾಳಿಯಲ್ಲಿರುವುದನ್ನು ನೋಡಿ, "ಕಾಲಿಗೇನಾಯ್ತು?" ಎಂದು ಕೇಳಿದಳು. ಏನೂ ಆಗಿಲ್ಲ ಎಂದ. ಮುಲಾಮು ಬೇಕಾದರೆ ತನ್ನ ಡ್ರಾಯರಿನಲ್ಲಿದೆ ಎಂದಳು. ಬೇಡ ಎಂದ.

ಅಲ್ಲಿಗೆ ಅದು ಮುಗಿಯಿತು. ಇಷ್ಟು ವರ್ಷದ ಭಾನುವಾರಗಳು ಕೂತಲ್ಲೇ ಹೊಗೆಯಾಗಿ ಹೋದವು. ಆಶ್ಚರ್ಯವೆಂದರೆ ಅದಕ್ಕೆ ಅವನು ಅಂದುಕೊಂಡಷ್ಟು ಅಳು ಬರಲಿಲ್ಲ. ತನ್ನ ಖಾಲಿ ಗಾಜಿನ ಕೋಣೆಯನ್ನು ನೋಡುತ್ತ ಕೂತಾಗ ಅವನ ಎದೆಯ ಮೇಲೆ ಕೂತಿದ್ದದ್ದು ಬೇರೆ: ಹೆಂಡತಿಗೆ ತನ್ನ ಕಿವಿಯ ವಿಷಯ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿಟ್ಟಳು. ಬೇರೆ ಯಾರಿಂದ ಮುಚ್ಚಿಟ್ಟರೂ ಒಂದು ಮಾತು, ಅವಳು ಮುಚ್ಚಿಟ್ಟದ್ದು ಇಡೀ ಪೇಟೆಯಲ್ಲಿ ಕಿವಿ ಪರೀಕ್ಷೆ ಮಾಡುವ ಒಬ್ಬನಿಂದ, ಅವನ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ಮೇಜಿನಲ್ಲಿ ಉಂಡು. ಟಿವಿಯ ಕೆಳಗೆ ಅಕ್ಷರ ಬರುವ ಕಾರ್ಯಕ್ರಮಗಳನ್ನಷ್ಟೇ ನೋಡಿದಳು. ಫೋನ್ ಮಾಡಿದರೆ ಕೈ ಒದ್ದೆ ಎಂದಳು, ಮೆಸೇಜ್ ಮಾಡಿ ಎಂದಳು. ಎಷ್ಟು ಪಾತ್ರೆ ತೊಳೆಯುತ್ತಾಳೆ ಇವಳು ಎಂದು ಅವನು ಕನಿಕರಪಟ್ಟಿದ್ದುಂಟು. ನಡೆಯುವಾಗ ಯಾವಾಗಲೂ ಅವನ ಎಡಕ್ಕೆ ಬರುತ್ತಿದ್ದಳು, ಹಾಗಾದರೆ ಬಲಗಿವಿ ಸ್ವಲ್ಪ ವಾಸಿ. ಅವಳ ಮನೆಗೆ ದಿನಾ ಬೆಳಿಗ್ಗೆ ಒಬ್ಬ ಗೂಢಚಾರ ಕಳ್ಳಹೆಜ್ಜೆಯಲ್ಲಿ ಬರುತ್ತಿದ್ದ, ಅವನ ಕಣ್ಣೆದುರೇ ಅವಳು ಬಚ್ಚಿಟ್ಟುಕೊಂಡಿದ್ದಳು. ಯಾಕೆ? ಅದೊಂದು ಅವನಿಗೆ ಗೊತ್ತಾಗಬೇಕಿತ್ತು, ಗೊತ್ತಾಗುವುದೆಂದರೆ ಹೆದರಿಕೆಯೂ ಆಗುತ್ತಿತ್ತು. ತನ್ನನ್ನು ಕಂಡರೆ ಅವಳಿಗೆ ಅಷ್ಟು ದೂರವೆ?

ಫೋನ್ ಮಾಡಿದ. ಎತ್ತಲಿಲ್ಲ. ಕೈ ಒದ್ದೆ, ಏನು ಹೇಳಿ, ಎಂದು ಮೆಸೇಜ್ ಬಂತು. ಮಧ್ಯಾಹ್ನ ಒಂದು ಸಲ ಇಲ್ಲಿಗೆ ಬಾ, ಎಂದು ಬರೆದ. ಯಾಕೆ, ಎಂದು ಬಂತು. ಅವನು ಏನೇನೋ ಬರೆದು ಅಳಿಸಿ, ಕೊನೆಗೆ ಹೊಸ ಮೆಷಿನು ಬಂದಿದೆ, ಸರಿಯಿದೆಯಾ ನೋಡೋಕೆ ಒಂದು ಒಳ್ಳೇ ಕಿವಿ ಬೇಕು, ಎಂದು ಬರೆದ. ಶತ್ರುವಿಗೆ ಅನುಮಾನ ಬಾರದ ಹಾಗೆ ಬಲೆ ಬೀಸಬೇಕು ಎನ್ನುವುದೂ ಪಾಠದ ಒಂದು ಭಾಗವೇ. ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಬರ್ತೀನಿ, ಎಂದು ಬಂತು. ಅದರ ಹಿಂದೆಯೇ ಇನ್ನೊಂದು: ಮುಚ್ಚಳದಿಂದ ಗೊತ್ತಾಯ್ತಾ? ಅವನು ಫೋನನ್ನು ಬೋರಲು ಹಾಕಿ ಮೇಜಿನ ಮೇಲಿಟ್ಟು, ಎರಡು ಕೈಯಿಂದಲೂ ಮುಖ ಒರೆಸಿಕೊಂಡ.

ಅವಳು ಹೊರಗೆ ಹೋಗುವಾಗ ಉಡುವ ನೀಲಿ ಬಟ್ಟೆಯಲ್ಲಿ, ಕೈಚೀಲ ಹಿಡಿದುಕೊಂಡು, ಬೇರೆ ಯಾರಂತೆಯೋ ಬಂದಳು. ರಿಸೆಪ್ಷನ್ನಿನ ಹೆಂಗಸಿಗೆ ನಮಸ್ಕಾರ ಹೇಳಿ, ಆಕೆಯ ತುಟಿಯನ್ನೇ ನೋಡುತ್ತಾ, ಆಕೆ ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಉತ್ತರ ಕೊಟ್ಟಳು. ಅವನು ಬಾಗಿಲಲ್ಲಿ ನಿಂತು ಇದನ್ನು ನೋಡಿದ. ಎಂಥ ಕೈಚಳಕ! ಆಕೆ ಬೇರೆಡೆಗೆ ಮುಖ ತಿರುಗಿಸಿದ ತಕ್ಷಣ ಇವಳು ಮಾತು ತೆಗೆದು ಪ್ರಶ್ನೆ ತಾನೇ ಕೇಳುತ್ತಿದ್ದಳು, ಆಕೆ ಮತ್ತೆ ಇತ್ತ ತಿರುಗಲೇಬೇಕಾಗುತ್ತಿತ್ತು. ಹಾಲಿನಲ್ಲಿ ಇಷ್ಟು ವರ್ಷ ಕಪ್ಪು ಬಟ್ಟೆ ಕಟ್ಟಿಕೊಂಡು ಅಡ್ಡಡ್ಡ ಓಡಾಡಿದ ಯಾರಿಗೂ ಇದರ ಕಾಲುಭಾಗ ಬಂದಿರಲಿಲ್ಲ. ಅವನಿಗೆ ಹೆಮ್ಮೆಯಾಯಿತು, ಮರುಕ್ಷಣವೇ ಹೆಮ್ಮೆಪಡಲು ನಿನಗೇನು ಹಕ್ಕು ಎಂದೂ ಅನಿಸಿತು. ಬಾ ಎಂದು ಕೈ ಮಾಡಿದ. ಗಾಜಿನ ಕೋಣೆಯಲ್ಲಿ ಕೂರಿಸಿ, ತಾನೇ ಕೂದಲು ಹಿಂದಕ್ಕೆ ಸರಿಸಿ, ಹೆಡ್‌ಫೋನ್ ಹಾಕಿ, ಗುಂಡಿ ಕೈಗೆ ಕೊಟ್ಟ. ಅವಳ ಕೈ ತಣ್ಣಗಿತ್ತು. ಬೇರೆ ಎಲ್ಲರಿಗೂ ಹೇಳುವಂತೆ, "ಕೇಳಿಸಿದ್ರೆ ಮಾತ್ರ ಒತ್ತಬೇಕು," ಎಂದ. ಅವಳು ಅವನ ಬಾಯಿ ನೋಡಿ, "ಗೊತ್ತು," ಎಂದಳು.

ದಪ್ಪ ಸದ್ದುಗಳಿಗೆ ಒತ್ತಿದಳು. ಸಣ್ಣವಕ್ಕೆ, ಕೀರಲು ಸದ್ದುಗಳಿಗೆ, ಒತ್ತಲಿಲ್ಲ. ಅವನು ಜೋರು ಮಾಡಿದ, ಒತ್ತಲಿಲ್ಲ. ಇನ್ನೂ ಜೋರು ಮಾಡಿದ. ರೈಲು ಡ್ರೈವರ ಹಾಗೆ ಅವಳು ಸುಳ್ಳಿಗೆ ಒಂದು ಸಲವೂ ಒತ್ತಲಿಲ್ಲ, ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವನನ್ನೇ ನೋಡುತ್ತಾ ಕೂತಿದ್ದಳು. ಕಂಪ್ಯೂಟರಿನ ಮೇಲೆ ಗೆರೆ ಮೆಟ್ಟಿಲಿಳಿದು ಇಳಿದು ಕೆಳಗೆ ಹೋಯಿತು. ಹೊರಗೆ ಬಂದು ಎದುರು ಕೂತ ಮೇಲೆ ಮಾತಿನ ಪರೀಕ್ಷೆ. ಇದಕ್ಕೆ ಯಂತ್ರ ಬೇಡ, ಒಂದು ರಟ್ಟಿನ ತುಂಡು ಸಾಕು. ಅವನು ರಟ್ಟನ್ನು ಬಾಯಿಗೆ ಅಡ್ಡ ಹಿಡಿದು ದಿನಾ ಎಲ್ಲರಿಗೂ ಹೇಳುವ ಪದಗಳನ್ನು ಹೇಳಿದ, ಅವಳು ಕೇಳಿಸಿದ್ದನ್ನು ತಿರುಗಿ ಹೇಳಬೇಕು. "ಮನೆ," ಎಂದ. "ಮನೆ," ಎಂದಳು. "ಕಾಲು," ಎಂದ. "ಹಾಲು," ಎಂದಳು. "ಸೊಪ್ಪು," ಎಂದ. ಅವಳು ರಟ್ಟನ್ನು ನೋಡುತ್ತಾ, "ಉಪ್ಪು?" ಎಂದಳು. "ಕತ್ತರಿ," ಎಂದ. ಅದು ದಿನಾ ಹೇಳುವ ಪದವಲ್ಲ, ಯಾಕೆ ಬಾಯಿಗೆ ಬಂತೋ. ಅವಳ ಕಣ್ಣು ತುಂಬಿತು. "ಆ ರಟ್ಟು ತೆಗೀರಿ," ಎಂದಳು.

ತೆಗೆದ. "ಯಾವಾಗಿಂದ?" ಎಂದ.

"ಮಗಳು ಹಾಸ್ಟೆಲಿಗೆ ಹೋಗೋಕೆ ಮುಂಚೆಯಿಂದ್ಲೇ."

"ನನಗೆ ಯಾಕೆ ಹೇಳ್ಲಿಲ್ಲ? ನಾನು ಇದೇ ಕೆಲಸ ಮಾಡ್ತೀನಲ್ಲೇ?"

"ಅದಕ್ಕೇ ಹೇಳ್ಲಿಲ್ಲ," ಎಂದಳು. ಆಮೇಲೆ, ಅವನು ಎಂದೂ ನೋಡದಿದ್ದ ಒಂದು ಕೆಲಸ ಮಾಡಿದಳು. ಬಾಯಿ ಅರ್ಧ ತೆರೆದು, ಕತ್ತು ಮುಂದಕ್ಕೆ ಚಾಚಿ, ಕಿವಿಯ ಹಿಂದೆ ಅಂಗೈ ಇಟ್ಟು, "ಆಂ? ಆಂ? ಏನಂದ್ರಿ?" ಎಂದಳು. ಬಹಳ ಚೆನ್ನಾಗಿ ಮಾಡಿದಳು. ಅವನದೇ ಅಭಿನಯ, ಅವನ ಹುಬ್ಬು ಕೂಡ ಬಂದಿತ್ತು. "ನೀವು ದಿನಾ ಇದನ್ನ ಮಾಡ್ತಿದ್ರಿ. ನಾನು ಎದುರಿಗೆ ಕೂತು ನಗ್ತಿದ್ದೆ. ನಾಳೆ ಬೇರೆ ಯಾರ ಮನೇಲೋ ಕೂತು ನನ್ನನ್ನೂ ಹೀಗೇ ಮಾಡಿ ತೋರಿಸ್ತೀರಿ ಅನ್ನಿಸ್ತು. ನಿಮಗೆ ಅದರಲ್ಲಿ ಕೆಟ್ಟ ಬುದ್ಧಿ ಇರ್ಲಿಲ್ಲ, ಗೊತ್ತು. ಆದ್ರೂ ನನಗೆ ನಿಮ್ಮ ಗಿರಾಕಿ ಆಗೋಕೆ ಮನಸ್ಸಿರ್ಲಿಲ್ಲ ಕಣ್ರೀ."

ಬಿದಿರಿನ ಕತ್ತಿ ನೆತ್ತಿಗೆ ಬಿದ್ದಾಗ ಕಣ್ಣಿನೊಳಗೆ ಒಂದು ಬೆಳಕು ಹೊಡೆದು ಹೋಗುತ್ತದೆ, ನೋವು ಆಮೇಲೆ ಬರುತ್ತದೆ. ಅವನು ಕುರ್ಚಿಯಲ್ಲಿ ಆ ಆಮೇಲಿನದಕ್ಕಾಗಿ ಕಾಯುತ್ತಾ ಕೂತ. ತಪ್ಪಾಯ್ತು ಎನ್ನಬೇಕಿತ್ತು. ಬಾಯಿಗೆ ಬಂದದ್ದು ಅದಲ್ಲ. ಇಂಥ ಹೊತ್ತಿನಲ್ಲೂ ಮನುಷ್ಯನಿಗೆ ತನ್ನದೇ ಚಿಂತೆ ಎನ್ನುವುದು ಎಷ್ಟು ಅಸಹ್ಯ ಎಂದು ಗೊತ್ತಿದ್ದೂ, "ಹಾಗಾದ್ರೆ ನಾನು ಹಿಂದಿನಿಂದ ಬರ್ತಿದ್ದದ್ದು... ಕಿವಿ ಸರಿಯಿದ್ದಾಗ... ಮೊದಮೊದಲು ನಿನಗೆ ಕೇಳಿಸ್ತಿತ್ತಾ?" ಎಂದು ಕೇಳಿಯೇಬಿಟ್ಟ.

ಅವಳು ಕೈಚೀಲದಿಂದ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡಳು, ಮೂಗೊರೆಸಿಕೊಂಡಳು. "ಕೇಳಿಸದೆ ಏನು? ನಿಮ್ಮ ಮೊಣಕಾಲು ಲಟಕ್ ಅನ್ನುತ್ತಲ್ಲ."

"ನನ್ನ ಮೊಣಕಾಲಾ?"

"ಎಡಗಡೆದು. ಹೆಜ್ಜೆಗೊಂದು ಸಲ. ಮಲಗೋ ಕೋಣೆ ಬಾಗಿಲಿಂದ್ಲೇ ಶುರು. ನಿಮಗೆ ಕೇಳಿಸಲ್ವಾ?" ಅವನು ತಲೆಯಲ್ಲಾಡಿಸಿದ. ಅವನಿಗೆ ಕೇಳಿಸುತ್ತಿರಲಿಲ್ಲ; ಅವನು ಯಾವಾಗಲೂ ಪಾದವನ್ನಷ್ಟೇ ಕೇಳುತ್ತಿದ್ದ. "ಪಾಪ, ಲಟಕ್ ಲಟಕ್ ಅಂತ ಉಸಿರು ಹಿಡ್ಕೊಂಡು ಬರ್ತಾರೆ, ತಿರುಗಿಬಿಟ್ರೆ ಮುಖ ಸಣ್ಣದು ಮಾಡ್ಕೋತಾರೆ ಅಂತ, ಬೆನ್ನ ಹಿಂದೆ ಬಂದು ನಿಲ್ಲೋ ತನಕ ನಾನು ಸುಮ್ನೆ ಇರ್ತಿದ್ದೆ. ಆಮೇಲೆ ಅಯ್ಯೋ ಅಂತಿದ್ದೆ. ಅಷ್ಟಕ್ಕೇ ನೀವು ಇಡೀ ದಿನ ಹಾಡ್ಕೊಂಡು ಓಡಾಡ್ತಿದ್ರಿ." ಅವಳು ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿದಳು, ಮತ್ತೆ ಬಿಚ್ಚಿದಳು. "ಒಂದು ದಿನ ಚಹಾ ಇಟ್ಟು ಕಾಯ್ತಾ ಇದ್ದೆ. ಲಟಕ್ ಬರ್ಲೇ ಇಲ್ಲ. ಇನ್ನೂ ಎದ್ದಿಲ್ವೇನೋ ಅಂತ ತಿರುಗಿದ್ರೆ ನೀವು ಹಿಂದೇನೇ ನಿಂತಿದ್ರಿ. ಆವತ್ತು ನಿಜವಾಗ್ಲೂ ಬೆಚ್ಚಿಬಿದ್ದೆ. ಮಾರನೇ ದಿನಾನೂ ಇಲ್ಲ. ಅದರ ಮಾರನೇ ದಿನಾನೂ. ಅಂತೂ ಬಂತಲ್ಲ ಇವರಿಗೆ ವಿದ್ಯೆ ಅಂತ ಎಷ್ಟು ಖುಷಿಪಟ್ಟೆ ಗೊತ್ತಾ? ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ನಗ್ಬೇಡ ಕಣೇ, ಕೊನೆಗೂ ಕಲಿತುಬಿಟ್ರು ಅಂತ. ಆ ಫೋನಿನಲ್ಲಿ ಅಕ್ಕ ಏನಂದ್ಲು ಅಂತ ನನಗೆ ಸರಿಯಾಗಿ ಕೇಳಿಸ್ಲಿಲ್ಲ. ಆಗ ಗೊತ್ತಾಯ್ತು."

ಹೊರಗೆ ರಿಸೆಪ್ಷನ್ನಿನಲ್ಲಿ ಫೋನ್ ಹೊಡೆದುಕೊಂಡಿತು, ನಿಂತಿತು. ಅವನು ಎದ್ದು ಬೀರುವಿನಿಂದ, ಗಿರಾಕಿಗಳಿಗೆ ಹಾಕಿ ನೋಡಲು ಕೊಡುವ ಒಂದು ಜೊತೆ ಕಿವಿಯ ಮೆಷಿನು ತೆಗೆದ. ದಿನಾ ಮಾಡುವ ಕೆಲಸವೇ ಆದರೂ ಕೈತಪ್ಪಿ ಬಟನ್ನಿನಷ್ಟು ಸಣ್ಣ ಬ್ಯಾಟರಿ ಒಂದು ಕೆಳಗೆ ಬಿದ್ದು ಮೇಜಿನಡಿ ಉರುಳಿತು, ಬಗ್ಗಿ ಹುಡುಕುವಾಗ ಹೇಳಬೇಕೆಂದದ್ದನ್ನು ಮೇಜಿನಡಿಯಲ್ಲೇ ಹೇಳಿದ, ಅದು ಅವಳಿಗೆ ಕೇಳಿಸುವುದಿಲ್ಲವೆಂದು ನೆನಪಾಗಿ, ಮೇಲೆದ್ದು, ಅವಳ ಎದುರು ಮುಖ ಇಟ್ಟು, ತುಟಿ ಕಾಣುವ ಹಾಗೆ ಇನ್ನೊಮ್ಮೆ ಹೇಳಿದ: "ತಪ್ಪಾಯ್ತು." ಅವಳು ಹೂಂ ಎಂದಳು. ಕಂಪ್ಯೂಟರಿನ ಮೇಲಿನ ಗೆರೆಯಂತೆ ಅಳತೆ ಹೊಂದಿಸಿ ಒಂದೊಂದೇ ಕಿವಿಗೆ ಹಾಕಿದ. ಅವಳು ಕಣ್ಣು ಕಿರಿದು ಮಾಡಿ, ಫ್ಯಾನು ಇಷ್ಟು ಸದ್ದು ಮಾಡುತ್ತದಾ ಎಂದಳು, ನಿಮ್ಮ ಅಂಗಿ ಸರಸರ ಅನ್ನುತ್ತೆ ಎಂದಳು, ತನ್ನದೇ ದನಿ ಡಬ್ಬಿಯೊಳಗಿಂದ ಬಂದ ಹಾಗಿದೆ ಎಂದು ನಕ್ಕು, ಆ ನಗುವಿಗೇ ಹೆದರಿ ಬಾಯಿ ಮುಚ್ಚಿಕೊಂಡಳು. ಮೆಷಿನು ಸರಿಯಾಗಿ ಕೂತಿದೆಯಾ ಎಂದು ನೋಡಲು ಗಿರಾಕಿಯನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ಹಿಂದಿನಿಂದ ಏನಾದರೂ ಹೇಳುವುದು ಅಲ್ಲಿಯ ಕ್ರಮ. ಅವಳ ಕುರ್ಚಿಯನ್ನು ತಿರುಗಿಸಿದ. ಬಾಗಿಲ ತನಕ ಹೋದ. ಹೇಳಲು ಬಾಯಿ ತೆರೆದ.

"ಮಾತಾಡ್ಬೇಡಿ," ಎಂದಳು ಅವಳು ಗೋಡೆಯನ್ನು ನೋಡುತ್ತಾ. "ನಡ್ಕೊಂಡು ಬನ್ನಿ."

ಅವನು ಬೂಟು ಬಿಚ್ಚಿಟ್ಟ. ಪಾದದ ಹೊರಅಂಚು, ಬೆರಳು, ಹಿಮ್ಮಡಿ, ಕೊನೆಗೆ ಭಾರ. ತನಗೆ ಬರುವುದರಲ್ಲೆಲ್ಲ ಒಳ್ಳೆಯದನ್ನೇ ನಡೆದ, ಕೆಟ್ಟದಾಗಿ ನಡೆದರೆ ಅದು ಇನ್ನೊಂದು ಸುಳ್ಳಾಗುತ್ತಿತ್ತು. ಕುರ್ಚಿಯ ಹಿಂದೆ ಬಂದು ನಿಂತ. ಅವಳ ಕತ್ತಿನ ಹಿಂಭಾಗ, ಕೂದಲ ಬುಡ, ಕಿವಿಯ ಹಿಂದೆ ಸಿಕ್ಕಿಸಿದ ಬೂದುಬಣ್ಣದ ತುಂಡು ಕಾಣುತ್ತಿದ್ದವು. ಅವಳು ತಿರುಗಲಿಲ್ಲ. ಅಯ್ಯೋ ಎನ್ನಲಿಲ್ಲ. ಅವಳ ಹೆಗಲುಗಳು ಅಲುಗಲು ಶುರುವಾದವು. ಅಳುವೋ ನಗುವೋ ಹಿಂದಿನಿಂದ ಹೇಗೆ ಗೊತ್ತಾಗಬೇಕು?

"ಇದೆ," ಎಂದಳು.

"ಏನು?"

"ಲಟಕ್. ಇದೆ ರೀ. ಹಾಗೇ ಇದೆ." ಅವಳು ಅಂಗೈಯಿಂದ ಕೆನ್ನೆ ಒರೆಸಿಕೊಂಡಳು. ಬಾಗಿಲು ಬಡಿದು ರಿಸೆಪ್ಷನ್ನಿನ ಹೆಂಗಸು ಮುಂದಿನವರು ಬಂದಿದ್ದಾರೆ ಸಾರ್ ಎಂದಳು, ಇವಳು ಅದಕ್ಕೂ ತಲೆಯಾಡಿಸಿದಳು, ಅದೂ ಕೇಳಿಸಿತ್ತು. ಆದರೂ ಕುರ್ಚಿಯಿಂದ ಏಳಲಿಲ್ಲ, ಗೋಡೆಯಿಂದ ಮುಖ ತಿರುಗಿಸಲಿಲ್ಲ. "ಇನ್ನೊಂದ್ಸಲ ಬನ್ನಿ," ಎಂದಳು, "ಬಾಗಿಲಿಂದ."

ಅವನು ಮತ್ತೆ ಬಾಗಿಲ ತನಕ ಹೋದ.